ಕೊಜಾಎಲಿಗೆ ಬರುವ ಕನ್ನಡಿಗರಿಗೆ: ಪ್ರಾಂತ್ಯದ ನೆಲ, ಅದರ ವಿಭಾಗಗಳು ಮತ್ತು ಕಚೇರಿಗಳು

ಟರ್ಕಿಯಲ್ಲಿ ಮನೆ ಬಾಡಿಗೆಗೆ ಪಡೆದವರ ಕರಾರು ಪತ್ರದಲ್ಲಿ ವಿಳಾಸದ ಕೊನೆಗೆ ಒಂದು ಓರೆಗೆರೆ, ಅದರ ಎರಡು ಬದಿಗೆ ಒಂದೊಂದು ಹೆಸರು ಇರುತ್ತದೆ: ಗೆಬ್ಜೆ / ಕೊಜಾಎಲಿ ಅಥವಾ ಇಜ್ಮಿತ್ / ಕೊಜಾಎಲಿ. ಮೊದಲನೆಯದು ಇಲ್ಚೆ, ಅಂದರೆ ನಮ್ಮ ತಾಲ್ಲೂಕಿನಂಥದು. ಎರಡನೆಯದು ಇಲ್, ಅಂದರೆ ಪ್ರಾಂತ್ಯ. ವಿಳಾಸದ ನೋಂದಣಿ, ನೀರಿನ ಸಂಪರ್ಕ, ಕಸದ ದೂರು, ಮದುವೆ, ಕಟ್ಟಡದ ದಾಖಲೆ ಇವುಗಳಲ್ಲಿ ಯಾವುದಕ್ಕೆ ಯಾವ ಕಚೇರಿಗೆ ಹೋಗಬೇಕು ಎಂಬುದನ್ನು ಈ ಎರಡು ಹೆಸರುಗಳು, ಮತ್ತು ವಿಳಾಸದ ಮೊದಲಿಗೇ ಬರುವ ಮಹಲ್ಲೆಯ, ಅಂದರೆ ಬಡಾವಣೆಯ, ಹೆಸರು ನಿರ್ಧರಿಸುತ್ತವೆ. ಕೆಲಸಕ್ಕೋ ಓದಿಗೋ ಇಸ್ತಾಂಬುಲ್‌ನ ಪೂರ್ವಕ್ಕಿರುವ ಕೊಜಾಎಲಿಗೆ ಬರುವ ಕನ್ನಡಿಗರು ಭಾಷೆ ಕಲಿಯುವುದಕ್ಕೂ ಮೊದಲು ಈ ಮೂರು ಹೆಸರುಗಳನ್ನು ಓದಲು ಕಲಿಯುವುದು ಒಳ್ಳೆಯದು.

ಮೊದಲು ಉಚ್ಚಾರಣೆ. ಟರ್ಕಿಶ್ ಲಿಪಿಯಲ್ಲಿ 'ಸಿ' ಅಕ್ಷರದ ಧ್ವನಿ ನಮ್ಮ ಜಕಾರ. ಅದರ ಕೆಳಗೆ ಬಾಲವಿದ್ದರೆ ಚಕಾರ. ಆದ್ದರಿಂದ ಈ ಪ್ರಾಂತ್ಯದ ಹೆಸರು ಕೊಕಾಎಲಿಯಲ್ಲ, ಕೊಜಾಎಲಿ. ಹದಿನಾಲ್ಕನೆಯ ಶತಮಾನದಲ್ಲಿ ಈ ಭಾಗವನ್ನು ಗೆದ್ದ ಒಟ್ಟೊಮನ್ ದಂಡನಾಯಕ ಅಕ್ಚಾ ಕೊಜನ ನೆನಪಿಗೆ 'ಕೊಜನ ನಾಡು' ಎಂಬ ಅರ್ಥದ ಈ ಹೆಸರು ಬಂದಿದೆ. ಪ್ರಾಂತ್ಯದ ಹೆಸರು ಒಂದು, ಅದರ ಕೇಂದ್ರ ಪಟ್ಟಣದ ಹೆಸರು ಇನ್ನೊಂದು. ಕೊಡಗಿಗೆ ಮಡಿಕೇರಿ, ಉತ್ತರ ಕನ್ನಡಕ್ಕೆ ಕಾರವಾರ ಇರುವಂತೆ ಕೊಜಾಎಲಿಗೆ ಇಜ್ಮಿತ್. ಟರ್ಕಿಯ 81 ಪ್ರಾಂತ್ಯಗಳಲ್ಲಿ ಹೀಗಿರುವವು ಮೂರೇ: ಕೊಜಾಎಲಿ, ಅದರ ನೆರೆಯ ಸಕಾರ್ಯ, ದಕ್ಷಿಣದ ತುದಿಯ ಹತಾಯ್. ಇಜ್ಮಿತ್ ಬೇರೆ, ಏಜಿಯನ್ ಕಡಲ ದಂಡೆಯ ಮಹಾನಗರ ಇಜ್ಮಿರ್ ಬೇರೆ. ಒಂದಕ್ಷರದ ಅಂತರವಾದರೂ ಎರಡು ಊರುಗಳ ನಡುವೆ ನೂರಾರು ಕಿಲೋಮೀಟರ್ ಇದೆ. ಬಸ್ಸಿನ ಟಿಕೆಟ್ ಕಾಯ್ದಿರಿಸುವಾಗ ಎರಡು ಸಲ ನೋಡಿಕೊಳ್ಳಿ.

ಇಂಗ್ಲಿಷ್ ದಾಖಲೆಗಳು ಇಲ್ ಎಂಬುದನ್ನು ಪ್ರಾಂತ್ಯವೆಂದೂ ಇಲ್ಚೆ ಎಂಬುದನ್ನು ಜಿಲ್ಲೆಯೆಂದೂ ಅನುವಾದಿಸುತ್ತವೆ. ಇದು ನಮ್ಮವರನ್ನು ದಾರಿ ತಪ್ಪಿಸುತ್ತದೆ, ಏಕೆಂದರೆ ಪ್ರಾಂತ್ಯವೆಂದ ಕೂಡಲೇ ನಮ್ಮ ಮನಸ್ಸು ಕರ್ನಾಟಕದಂತಹ ರಾಜ್ಯವನ್ನು ಕಲ್ಪಿಸಿಕೊಳ್ಳುತ್ತದೆ. ಟರ್ಕಿ ಒಕ್ಕೂಟ ದೇಶವಲ್ಲ. ಇಲ್‌ಗೆ ತನ್ನದೇ ಆದ ವಿಧಾನಸಭೆಯಾಗಲಿ ಮುಖ್ಯಮಂತ್ರಿಯಾಗಲಿ ಇಲ್ಲ. ಕಾನೂನುಗಳೆಲ್ಲ ಅಂಕಾರಾದ ಸಂಸತ್ತಿನಿಂದ ಬರುತ್ತವೆ. ಗಾತ್ರದಲ್ಲೂ ಕೆಲಸದಲ್ಲೂ ಇಲ್ ನಮ್ಮ ಜಿಲ್ಲೆಗೆ ಹತ್ತಿರ, ಇಲ್ಚೆ ನಮ್ಮ ತಾಲ್ಲೂಕಿಗೆ ಹತ್ತಿರ. ಕೊಜಾಎಲಿಯ ವಿಸ್ತೀರ್ಣ ಕೊಡಗಿಗಿಂತಲೂ ಕಡಿಮೆ, ಆದರೆ ಅಲ್ಲಿ 20 ಲಕ್ಷಕ್ಕೂ ಹೆಚ್ಚು ಜನ ವಾಸಿಸುತ್ತಾರೆ. ದೇಶದ ಭಾರೀ ಕೈಗಾರಿಕೆಯ ದೊಡ್ಡ ಪಾಲು ಈ ಚಿಕ್ಕ ನೆಲದಲ್ಲಿ ಒತ್ತಾಗಿ ನೆಲೆಗೊಂಡಿದೆ.

ಈ ಒತ್ತಡಕ್ಕೆ ಕಾರಣ ಭೂಗೋಳ. ಮರ್ಮರಾ ಸಮುದ್ರದ ಪೂರ್ವದ ತುದಿ ಸುಮಾರು 50 ಕಿಲೋಮೀಟರ್ ಉದ್ದದ ಕಿರಿದಾದ ಕೊಲ್ಲಿಯಾಗಿ ಭೂಮಿಯೊಳಕ್ಕೆ ನುಗ್ಗಿದೆ. ಅದರ ತಲೆಯಲ್ಲಿ ಕುಳಿತಿರುವುದು ಇಜ್ಮಿತ್. ಇದೇ ಪ್ರಾಚೀನ ನಿಕೊಮೀಡಿಯಾ. ರೋಮನ್ ಸಾಮ್ರಾಟ ಡಯೊಕ್ಲೀಷಿಯನ್ ತನ್ನ ಪೂರ್ವದ ರಾಜಧಾನಿಯನ್ನಾಗಿ ಆರಿಸಿಕೊಂಡಿದ್ದ ನಗರ. ಕೊಲ್ಲಿಯ ಉತ್ತರ ದಂಡೆ ಇಸ್ತಾಂಬುಲ್‌ನಿಂದ ಅಂಕಾರಾದ ಕಡೆಗೆ ಹೋಗುವ ಸಹಜ ದಾರಿ. ಹೆದ್ದಾರಿಗಳು, ರೈಲು, ಬಂದರುಗಳು, ತೈಲ ಶುದ್ಧೀಕರಣಾಗಾರ, ಕಾರ್ಖಾನೆಗಳು ಎಲ್ಲವೂ ಗುಡ್ಡ ಮತ್ತು ನೀರಿನ ನಡುವಿನ ಈ ಪಟ್ಟಿಯಲ್ಲಿ ಸಾಲುಗಟ್ಟಿವೆ. ದಕ್ಷಿಣ ದಂಡೆಯ ಬೆನ್ನಿಗೆ ಸಮಾನ್ಲಿ ಬೆಟ್ಟಸಾಲು ಎದ್ದಿದೆ. ಅದರ ಎತ್ತರದ ಭಾಗ ಸುಮಾರು 1,600 ಮೀಟರ್ ಮುಟ್ಟುವುದರಿಂದ, ಕೆಳಗೆ ಕೊಲ್ಲಿಯಲ್ಲಿ ಬರೀ ಮಳೆಯಿದ್ದಾಗ ಮೇಲೆ ಕಾರ್ತೆಪೆಯಲ್ಲಿ ಜನ ಹಿಮದ ಮೇಲೆ ಜಾರುತ್ತಿರುತ್ತಾರೆ. ಉತ್ತರಕ್ಕೆ ಹೋದರೆ ತಗ್ಗು ಗುಡ್ಡಗಳ, ಹೊಲ ಮತ್ತು ಕಾಡುಗಳ ಕಾಂದಿರಾ ಇಲ್ಚೆ ಕಪ್ಪು ಸಮುದ್ರದವರೆಗೂ ಹಬ್ಬಿದೆ. ಪ್ರಾಂತ್ಯದಲ್ಲಿ ಅತಿ ವಿಶಾಲವಾದ ಇಲ್ಚೆ ಅದೇ, ಮತ್ತು ಅಲ್ಲಿನ ಎಮ್ಮೆ ಮೊಸರು ಹೆಸರುವಾಸಿ. ಎಮ್ಮೆಯ ಗಟ್ಟಿ ಮೊಸರಿಗಾಗಿ ಹಂಬಲಿಸುವ ನಮ್ಮವರಿಗೆ ಇದು ಸಣ್ಣ ಮಾಹಿತಿಯಲ್ಲವೆಂದು ನಾನು ತಿಳಿದಿದ್ದೇನೆ.

ಒಟ್ಟು ಇಲ್ಚೆಗಳು ಹನ್ನೆರಡು. ಉತ್ತರ ದಂಡೆಯಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಚಾಯಿರೋವಾ, ದಾರಿಜಾ, ಗೆಬ್ಜೆ, ದಿಲೋವಾಸಿ, ಕೊರ್ಫೆಜ್, ದೆರಿನ್‌ಜೆ, ಇಜ್ಮಿತ್, ಕೊಲ್ಲಿಯ ಪೂರ್ವಕ್ಕೆ ಕಾರ್ತೆಪೆ, ದಕ್ಷಿಣ ದಂಡೆಯಲ್ಲಿ ಬಾಶಿಸ್ಕೆಲೆ, ಗೊಲ್ಜುಕ್, ಕಾರಾಮುರ್ಸೆಲ್, ಉತ್ತರದಲ್ಲಿ ಕಾಂದಿರಾ. 2008ರವರೆಗೆ ಇವು ಏಳೇ ಇದ್ದವು. ಆ ವರ್ಷದ 5747ನೇ ಕಾನೂನು ಗೆಬ್ಜೆಯಿಂದ ಚಾಯಿರೋವಾ, ದಾರಿಜಾ, ದಿಲೋವಾಸಿಗಳನ್ನು ಬೇರ್ಪಡಿಸಿತು. 'ಮೆರ್ಕೆಜ್', ಅಂದರೆ ಕೇಂದ್ರ, ಎಂದು ಕರೆಯುತ್ತಿದ್ದ ಇಲ್ಚೆಯನ್ನು ಒಡೆದು ಇಜ್ಮಿತ್, ಕಾರ್ತೆಪೆ, ಬಾಶಿಸ್ಕೆಲೆಗಳನ್ನು ರಚಿಸಿತು. ಹಳಬರು ಇಂದಿಗೂ ದಾರಿಜಾದ ಮನೆಯನ್ನು ಗೆಬ್ಜೆಯಲ್ಲಿದೆ ಎಂದು ಹೇಳುವುದುಂಟು. ಮನೆ ಹುಡುಕುವಾಗ ಬಾಯಿಮಾತಿನ ಹೆಸರನ್ನು ನಂಬದೆ, ಅಧಿಕೃತ ವಿಳಾಸದಲ್ಲಿ ಯಾವ ಇಲ್ಚೆಯಿದೆ ಎಂದು ಕೇಳಬೇಕು.

ಗೆಬ್ಜೆಯ ಸ್ಥಿತಿ ವಿಶೇಷವಾದದ್ದು. ಆಡಳಿತದಲ್ಲಿ ಅದು ಕೊಜಾಎಲಿ. ಬದುಕಿನಲ್ಲಿ ಅರ್ಧ ಇಸ್ತಾಂಬುಲ್. ಬೋಸ್ಫೊರಸ್ ಜಲಸಂಧಿಯ ತಳದಲ್ಲಿ ಸಾಗುವ ಮರ್ಮರಾಯ್ ರೈಲು 2019ರಿಂದ ಗೆಬ್ಜೆಯಿಂದಲೇ ಹೊರಡುತ್ತದೆ, ಮತ್ತು ಇಸ್ತಾಂಬುಲ್‌ನ ಸಬೀಹಾ ಗೊಕ್ಚೆನ್ ವಿಮಾನ ನಿಲ್ದಾಣ ಇಜ್ಮಿತ್‌ನವರಿಗಿಂತ ಗೆಬ್ಜೆಯವರಿಗೆ ಹತ್ತಿರ. ಆ ರೈಲಿಗೆ ಬಳಸುವುದು ಇಸ್ತಾಂಬುಲ್ ಕಾರ್ಡ್. ಅದೇ ನಿಲ್ದಾಣದ ಹೊರಗೆ ನಿಲ್ಲುವ ನಗರ ಬಸ್ಸು ಕೊಜಾಎಲಿಯದು, ಅದಕ್ಕೆ ಬೇರೆ ಕಾರ್ಡ್. ಪ್ರಾಂತ್ಯದ ಮಟ್ಟದ ಕಚೇರಿಗಳಾದರೋ ಐವತ್ತು ಕಿಲೋಮೀಟರಿನಷ್ಟು ಪೂರ್ವಕ್ಕೆ, ಇಜ್ಮಿತ್‌ನಲ್ಲಿವೆ. ಗೆಬ್ಜೆಯಲ್ಲಿ ಮನೆ ಹಿಡಿಯುವವರು ಇಜ್ಮಿತ್‌ಗೆ ಓಡಾಡುವ ದಿನಗಳನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ದಕ್ಷಿಣಕ್ಕೆ ಹೋಗುವವರಿಗೆ 2016ರಲ್ಲಿ ತೆರೆದ ಒಸ್ಮಾನ್‌ಗಾಜಿ ಸೇತುವೆ ದಿಲೋವಾಸಿಯಿಂದ ಕೊಲ್ಲಿಯನ್ನು ದಾಟಿಸುತ್ತದೆ. ಆದರೆ ಆಚೆ ದಡದಲ್ಲಿ ಇಳಿಯುವುದು ಯಾಲೊವಾ ಎಂಬ ಬೇರೆ ಪ್ರಾಂತ್ಯದಲ್ಲಿ.

ಇನ್ನು ಆಡಳಿತ. ಇದರಲ್ಲಿ ಎರಡು ಸಮಾಂತರ ಸಾಲುಗಳಿವೆ, ಮತ್ತು ಹೊಸಬರ ಬಹುಪಾಲು ತೊಂದರೆಗಳಿಗೆ ಇವೆರಡನ್ನೂ ಒಂದೆಂದು ಭಾವಿಸುವುದೇ ಕಾರಣ. ಮೊದಲನೆಯದು ನೇಮಕಗೊಂಡವರ ಸಾಲು. ಇಲ್‌ನ ಮುಖ್ಯಸ್ಥ ವಾಲಿ, ಅವರ ಕಚೇರಿ ವಾಲಿಲಿಕ್. ಇಲ್ಚೆಯ ಮುಖ್ಯಸ್ಥ ಕಾಯ್ಮಕಾಮ್, ಅವರ ಕಚೇರಿ ಕಾಯ್ಮಕಾಮ್ಲಿಕ್. ಇಬ್ಬರೂ ಚುನಾಯಿತರಲ್ಲ, ಅಂಕಾರಾ ಕಳಿಸಿದವರು. ನಮ್ಮ ಜಿಲ್ಲಾಧಿಕಾರಿ ಮತ್ತು ತಹಶೀಲ್ದಾರರನ್ನು ನೆನೆಯಬಹುದು, ಆದರೆ ವಾಲಿಯ ಅಧಿಕಾರ ಜಿಲ್ಲಾಧಿಕಾರಿಗಿಂತ ಹೆಚ್ಚು: ಪೊಲೀಸ್, ಗ್ರಾಮೀಣ ಭಾಗವನ್ನು ಕಾಯುವ ಜಂದರ್ಮಾ, ಶಿಕ್ಷಣ, ಆರೋಗ್ಯ, ಜನಸಂಖ್ಯಾ ನೋಂದಣಿ, ವಲಸೆ ಇವುಗಳ ಸ್ಥಳೀಯ ನಿರ್ದೇಶನಾಲಯಗಳೆಲ್ಲ ಅವರ ಮೇಲ್ವಿಚಾರಣೆಗೆ ಸೇರುತ್ತವೆ. ವಿದೇಶಿಯಾಗಿ ನಿಮ್ಮ ಕಾನೂನುಬದ್ಧ ಇರವಿಗೆ ಸಂಬಂಧಿಸಿದ ಎಲ್ಲ ಕೆಲಸ ಈ ಸಾಲಿನದು.

ಎರಡನೆಯದು ಚುನಾಯಿತರ ಸಾಲು, ಅಂದರೆ ಬೆಲೆದಿಯೆ ಎಂಬ ಪೌರಾಡಳಿತ. ಕೊಜಾಎಲಿ ದೇಶದ 30 ಮಹಾನಗರ ಪ್ರಾಂತ್ಯಗಳಲ್ಲಿ ಒಂದಾಗಿರುವುದರಿಂದ ಇಲ್ಲಿ ಬೆಲೆದಿಯೆ ಎರಡು ಹಂತದ್ದು: ಇಡೀ ಇಲ್‌ಗೆ ಒಂದು ಬುಯುಕ್‌ಶೆಹಿರ್ ಬೆಲೆದಿಯೆ, ಪ್ರತಿ ಇಲ್ಚೆಗೆ ಒಂದೊಂದು ಇಲ್ಚೆ ಬೆಲೆದಿಯೆ. ಎರಡಕ್ಕೂ ಐದು ವರ್ಷಕ್ಕೊಮ್ಮೆ ಚುನಾವಣೆ. ಕಳೆದದ್ದು 2024ರ ಮಾರ್ಚ್ 31ರಂದು ನಡೆಯಿತು. ಮಹಾನಗರ ಸಭೆಗೆ ಬೇರೆ ಚುನಾವಣೆಯಿಲ್ಲ. ಇಲ್ಚೆಗಳ ಮೇಯರ್‌ಗಳು ಮತ್ತು ಪ್ರತಿ ಇಲ್ಚೆ ಸಭೆಯ ಐದನೇ ಒಂದರಷ್ಟು ಸದಸ್ಯರು ಸೇರಿ ಅದು ರಚನೆಯಾಗುತ್ತದೆ. ಇಸ್ತಾಂಬುಲ್ ಮತ್ತು ಕೊಜಾಎಲಿಗಳಲ್ಲಿ ಮಹಾನಗರದ ಗಡಿಯನ್ನು 2004ರಲ್ಲೇ ಪ್ರಾಂತ್ಯದ ಗಡಿಯವರೆಗೆ ವಿಸ್ತರಿಸಲಾಯಿತು. ಉಳಿದ ಮಹಾನಗರಗಳಿಗೆ ಇದೇ ಕ್ರಮ 2014ರ ಚುನಾವಣೆಯೊಂದಿಗೆ ಬಂತು. ಆಗಿನಿಂದ ಈ 30 ಪ್ರಾಂತ್ಯಗಳಲ್ಲಿ ಹಳ್ಳಿ ಎಂಬ ಕಾನೂನು ಘಟಕವಿಲ್ಲ. ಕಾಂದಿರಾದ ಕಾಡಂಚಿನ ಹತ್ತಾರು ಮನೆಗಳ ಊರೂ ಕಾಗದದಲ್ಲಿ ಒಂದು ಮಹಲ್ಲೆಯೇ.

ಕೆಲಸದ ಹಂಚಿಕೆ ಹೀಗಿದೆ. ಕುಡಿಯುವ ನೀರು ಮತ್ತು ಒಳಚರಂಡಿ, ನಗರ ಸಾರಿಗೆ, ಮುಖ್ಯ ರಸ್ತೆಗಳು, ಅಗ್ನಿಶಾಮಕ ದಳ ಬುಯುಕ್‌ಶೆಹಿರ್‌ನ ಹೊಣೆ. ನೀರಿಗಾಗಿ ಅದರ ಅಂಗಸಂಸ್ಥೆ ಇಸು ಇದೆ. ಮನೆಯ ಮುಂದಿನ ಕಸ ಎತ್ತುವುದು, ಒಳರಸ್ತೆ, ಕಟ್ಟಡ ಪರವಾನಗಿ, ಆಸ್ತಿ ತೆರಿಗೆ, ಮದುವೆ ಮಾಡಿಸುವುದು ಇಲ್ಚೆ ಬೆಲೆದಿಯೆಯ ಕೆಲಸ. ಮದುವೆಯ ವಿಷಯದಲ್ಲಿ ನಮ್ಮವರು ಗಮನಿಸಬೇಕಾದದ್ದು, ಟರ್ಕಿಯಲ್ಲಿ ಕಾನೂನಿನ ಕಣ್ಣಿಗೆ ಮದುವೆಯೆಂದರೆ ಅಧಿಕಾರಿಯ ಮುಂದೆ ನಡೆಯುವ ನಾಗರಿಕ ನಿಕಾಹ್ ಮಾತ್ರ. ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು ಇನ್ನೊಂದು ಹೆಸರನ್ನೂ ಕೇಳುತ್ತಾರೆ: ಒಎಸ್‌ಬಿ, ಅಂದರೆ ಸಂಘಟಿತ ಕೈಗಾರಿಕಾ ವಲಯ. ವಲಯದ ಬೇಲಿಯೊಳಗೆ ನೀರು, ವಿದ್ಯುತ್, ಕಟ್ಟಡ ಪರವಾನಗಿ ಎಲ್ಲವನ್ನೂ ವಲಯದ ಆಡಳಿತವೇ ನೋಡಿಕೊಳ್ಳುತ್ತದೆ. ಗೆಬ್ಜೆ ಮತ್ತು ದಿಲೋವಾಸಿಗಳಲ್ಲಿ ಇಂಥವು ಹಲವು.

ಎಲ್ಲಕ್ಕಿಂತ ಕೆಳಗಿನ ಘಟಕ ಮಹಲ್ಲೆ. ಮೈಸೂರಿನ ಲಷ್ಕರ್ ಮೊಹಲ್ಲಾ, ದೇವರಾಜ ಮೊಹಲ್ಲಾ ಬಲ್ಲವರಿಗೆ ಈ ಪದವನ್ನು ಕಲಿಸಬೇಕಾಗಿಲ್ಲ. ಎರಡೂ ಒಂದೇ ಅರಬ್ಬಿ ಮೂಲದಿಂದ ಬಂದವು. ಮಹಲ್ಲೆಯ ಚುನಾಯಿತ ಮುಖ್ಯಸ್ಥ ಮುಹ್ತಾರ್. ನಮ್ಮ ಕಚೇರಿಗಳ ಮುಖತ್ಯಾರ ಪತ್ರದಲ್ಲಿರುವುದೂ ಅದೇ ಪದ. ಸಣ್ಣ ಪಟ್ಟಣಕ್ಕೆ ಅಲ್ಲಿ ಕಸಬಾ ಎನ್ನುತ್ತಾರೆ, ನಮ್ಮ ಕಸಬಾ ಹೋಬಳಿಯಂತೆ. ಹೀಗೆ ಪರಿಚಿತ ಪದಗಳು ಸಿಕ್ಕಾಗ ಆಗುವ ಸಂತೋಷ ನಿಜವಾದದ್ದು, ಆದರೆ ಅರ್ಥ ಬದಲಾಗಿರುವುದನ್ನು ಮರೆಯಬಾರದು. ಮೈಸೂರಿನಲ್ಲಿ ಮೊಹಲ್ಲಾ ಎಂದರೆ ರೂಢಿಯ ಬಡಾವಣೆ. ಟರ್ಕಿಯಲ್ಲಿ ಮಹಲ್ಲೆಗೆ ನಿಖರವಾದ ಗಡಿಯಿದೆ, ಮತ್ತು ವಿದೇಶಿಯರಿಗೆ ಅದರಿಂದ ನೇರ ಪರಿಣಾಮವಿದೆ. ವಿದೇಶಿಯರ ಪ್ರಮಾಣ ನಿಗದಿತ ಮಿತಿ ಮೀರಿದ ಮಹಲ್ಲೆಗಳಲ್ಲಿ ಹೊಸ ವಿದೇಶಿಯರ ವಿಳಾಸ ನೋಂದಣಿಯನ್ನು ಸರ್ಕಾರ ನಿಲ್ಲಿಸಿದೆ. 2022ರ ಜುಲೈನಲ್ಲಿ ಆ ಮಿತಿಯನ್ನು ಶೇಕಡ 25ರಿಂದ 20ಕ್ಕೆ ಇಳಿಸಲಾಯಿತು. ಮುಂಗಡ ಹಣ ಕೊಡುವ ಮೊದಲು ಆ ಮಹಲ್ಲೆ ತೆರೆದಿದೆಯೇ ಎಂದು ವಲಸೆ ನಿರ್ದೇಶನಾಲಯದ ಮೂಲಕ ಖಚಿತಪಡಿಸಿಕೊಳ್ಳಿ. ವಿದೇಶಿಯರಿಗಾಗಿಯೇ ಇರುವ 157 ಸಂಖ್ಯೆಗೆ ಕರೆ ಮಾಡಿಯೂ ವಿಚಾರಿಸಬಹುದು.

ಮನೆ ಗೊತ್ತಾದ ಮೇಲೆ ಕ್ರಮ ಇದು. ಕೆಲಸದ ಪರವಾನಗಿ ಪಡೆದವರಿಗೆ ಅದೇ ನಿವಾಸ ಪರವಾನಗಿಯೂ ಆಗುತ್ತದೆ. ವಿದ್ಯಾರ್ಥಿಗಳು ಮತ್ತು ಕುಟುಂಬದವರು ನಿವಾಸ ಪರವಾನಗಿಗಾಗಿಯೇ ಇರುವ ಇ-ಇಕಾಮೆತ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಿ, ಇಲ್ ಮಟ್ಟದ ವಲಸೆ ನಿರ್ದೇಶನಾಲಯದ ಮುಂದೆ ಹಾಜರಾಗಬೇಕು. ಪರವಾನಗಿಯೊಂದಿಗೆ 99ರಿಂದ ಆರಂಭವಾಗುವ ವಿದೇಶಿ ಗುರುತಿನ ಸಂಖ್ಯೆ ಬರುತ್ತದೆ. ಬಳಿಕ 20 ಕೆಲಸದ ದಿನಗಳೊಳಗೆ ನುಫುಸ್ ಮುದುರ್ಲುಗು ಎಂಬ ಜನಸಂಖ್ಯಾ ಕಚೇರಿಯಲ್ಲಿ ವಿಳಾಸವನ್ನು ನೋಂದಾಯಿಸಬೇಕು. ಮನೆ ಬದಲಿಸಿದಾಗಲೂ ಅಷ್ಟೇ ಅವಧಿ. ದಾರಿಜಾದಿಂದ ಪಕ್ಕದ ಗೆಬ್ಜೆಗೆ ಹೋದರೂ ಅದು ವಿಳಾಸ ಬದಲಾವಣೆಯೇ.

ಕೊನೆಯದಾಗಿ, ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದದ್ದು ಭೂಕಂಪ. ಕೊಲ್ಲಿಯ ಕೆಳಗೆ ಉತ್ತರ ಅನತೋಲಿಯಾ ಬಿರುಕು ಹಾದುಹೋಗಿದೆ. 1999ರ ಆಗಸ್ಟ್ 17ರ ನಸುಕಿನ 3 ಗಂಟೆ 2 ನಿಮಿಷಕ್ಕೆ ಅದು ಒಡೆದಾಗ 7.4 ತೀವ್ರತೆಯ ಕಂಪನದಲ್ಲಿ, ಸರ್ಕಾರದ ಲೆಕ್ಕದ ಪ್ರಕಾರವೇ, 17,000ಕ್ಕೂ ಹೆಚ್ಚು ಜನ ಸತ್ತರು. ಗೊಲ್ಜುಕ್‌ನ ದೆಯಿರ್ಮೆನ್‌ದೆರೆಯಲ್ಲಿ ದಂಡೆಯ ಒಂದು ಭಾಗವೇ ಕಟ್ಟಡಗಳ ಸಮೇತ ಸಮುದ್ರಕ್ಕೆ ಜಾರಿತು. ಆದ್ದರಿಂದ ಬಾಡಿಗೆಯ ಮನೆಯಾದರೂ ಅದನ್ನು ಯಾವ ವರ್ಷ ಕಟ್ಟಿದ್ದಾರೆ, ವಾಸಯೋಗ್ಯತಾ ಪತ್ರವಾದ ಇಸ್ಕಾನ್ ಇದೆಯೇ ಎಂದು ಸಂಕೋಚಪಡದೆ ಕೇಳಿ. ಈ ದಾಖಲೆಗಳು ಇಲ್ಚೆ ಬೆಲೆದಿಯೆಯ ಇಮಾರ್, ಅಂದರೆ ಕಟ್ಟಡ ಯೋಜನೆಯ, ವಿಭಾಗದಲ್ಲಿರುತ್ತವೆ. ಮನೆಗೆ ದಾಸ್ಕ್ ಎಂಬ ಕಡ್ಡಾಯ ಭೂಕಂಪ ವಿಮೆ ಮಾಡಿಸುವುದು ಮಾಲೀಕರ ಹೊಣೆ. ನೀರು, ವಿದ್ಯುತ್ ಸಂಪರ್ಕವನ್ನು ನಿಮ್ಮ ಹೆಸರಿಗೆ ಪಡೆಯುವಾಗ ಆ ವಿಮೆಯ ಸಂಖ್ಯೆಯನ್ನು ಕೇಳುತ್ತಾರೆ. ಪ್ರತಿ ಮಹಲ್ಲೆಗೂ ವಿಪತ್ತಿನಲ್ಲಿ ಜನ ಸೇರಬೇಕಾದ ಬಯಲನ್ನು ಗುರುತಿಸಲಾಗಿದ್ದು, ಸರ್ಕಾರಿ ಸೇವೆಗಳ ಇ-ದೆವ್ಲೆತ್ ಜಾಲತಾಣದಲ್ಲಿ ಅದನ್ನು ನೋಡಬಹುದು. ಮನೆ ಸೇರಿದ ಮೊದಲ ವಾರದಲ್ಲೇ, ಮಕ್ಕಳನ್ನೂ ಕರೆದುಕೊಂಡು, ಅಲ್ಲಿಯವರೆಗೆ ಒಮ್ಮೆ ನಡೆದು ಹೋಗಿ ಬನ್ನಿ. ಭೂಕಂಪವಾದಾಗ ತುರ್ತು ಸಂಖ್ಯೆ 112 ಸಿಗದಿರಬಹುದು.