ಕಪ್ಪೆಚಿಪ್ಪು ತಿಂದು ತುಟಿ ಜೋಮು ಹಿಡಿದರೆ ಏನು ಮಾಡಬೇಕು?

ಕಪ್ಪೆಚಿಪ್ಪಿನ ಊಟ ಮುಗಿದು ಅರ್ಧ ಗಂಟೆ ಆಗಿರುತ್ತದೆ. ತುಟಿಯ ಸುತ್ತ ಜುಮುಜುಮು ಶುರುವಾಗುತ್ತದೆ. ನಾಲಿಗೆ ಜೋಮು ಹಿಡಿಯುತ್ತದೆ, ಸ್ವಲ್ಪ ಹೊತ್ತಿಗೆ ಬೆರಳ ತುದಿಗಳಿಗೂ ಅದು ಹರಡುತ್ತದೆ. ಖಾರ ಜಾಸ್ತಿಯಾಗಿರಬೇಕು ಎಂದುಕೊಂಡು ನೀರು ಕುಡಿದು ಮಲಗಿಬಿಡುವುದೇ ಇಲ್ಲಿ ಆಗುವ ದೊಡ್ಡ ಎಡವಟ್ಟು.

ಮರುವಾಯಿ, ಪಚ್ಚಿಲೆ, ಸಿಂಪಿಯಂಥ ಎರಡು ಚಿಪ್ಪಿನ ಜೀವಿಗಳು ಗಂಟೆಗೆ ಲೀಟರುಗಟ್ಟಲೆ ನೀರು ಸೋಸಿ, ಅದರಲ್ಲಿನ ಸೂಕ್ಷ್ಮ ಪಾಚಿ ತಿಂದು ಬದುಕುತ್ತವೆ. ಅಲೆಕ್ಸಾಂಡ್ರಿಯಂ ಜಾತಿಯ ಕೆಲವು ಪಾಚಿಗಳಲ್ಲಿ ಸ್ಯಾಕ್ಸಿಟಾಕ್ಸಿನ್ ಎಂಬ ನರವಿಷ ಇರುತ್ತದೆ. ಚಿಪ್ಪುಜೀವಿಗೆ ಅದರಿಂದ ಹೆಚ್ಚೇನೂ ಆಗುವುದಿಲ್ಲ, ಮಾಂಸದಲ್ಲಿ ಮಾತ್ರ ವಿಷ ಕೂಡುತ್ತಾ ಹೋಗುತ್ತದೆ. ಮನುಷ್ಯರಲ್ಲಿ ಅದು ನರಗಳ ಸೋಡಿಯಂ ಹಾದಿಯನ್ನೇ ಮುಚ್ಚುತ್ತದೆ. ಸ್ನಾಯುಗಳಿಗೆ ಸಂಕೇತ ಹೋಗುವುದಿಲ್ಲ. ಮಾತು ತೊದಲುತ್ತದೆ, ನಡಿಗೆ ತಪ್ಪುತ್ತದೆ, ತೀವ್ರವಾದರೆ 2ರಿಂದ 12 ಗಂಟೆಯೊಳಗೆ ಉಸಿರಾಟದ ಸ್ನಾಯುಗಳೂ ಕೈಕೊಡುತ್ತವೆ.

ಮೊದಲು ಮಾಡಬೇಕಾದದ್ದು

ಜುಮುಜುಮು ಅನ್ನಿಸಿದ ಕೂಡಲೇ ತಿನ್ನುವುದನ್ನು ನಿಲ್ಲಿಸಿ ಆಂಬುಲೆನ್ಸ್ ಕರೆಸಿ. ತಾವೇ ಗಾಡಿ ಓಡಿಸಿಕೊಂಡು ಹೋಗಬಾರದು, ದಾರಿಯಲ್ಲೇ ಕೈಕಾಲು ಸ್ವಾಧೀನ ತಪ್ಪಬಹುದು. ತಿಂದ ಹೊತ್ತು ಎಷ್ಟು, ಮೊದಲ ಲಕ್ಷಣ ಕಂಡದ್ದು ಯಾವಾಗ ಎಂದು ಬರೆದಿಡಿ. ವೈದ್ಯರು ಮೊದಲು ಕೇಳುವುದು ಅದನ್ನೇ.

ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ನುಂಗುವ ಶಕ್ತಿ ಕುಂದಿದವರಿಗೆ ಅದು ಶ್ವಾಸನಾಳಕ್ಕೆ ಇಳಿಯಬಹುದು. ನೀರು, ಮಜ್ಜಿಗೆ ಕುಡಿಸುವುದೂ ಬೇಡ. ತಾನಾಗಿಯೇ ವಾಂತಿಯಾಗುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಉಸಿರು ನಿಂತರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಾ, ನೆರವು ಬರುವವರೆಗೂ ಬಿಡಬೇಡಿ. ಈ ವಿಷಕ್ಕೆ ಪ್ರತಿವಿಷ ಇಲ್ಲ. ದೇಹ ಅದನ್ನು ಮೂತ್ರದಲ್ಲಿ ಹೊರಹಾಕುವ ತನಕ ವೆಂಟಿಲೇಟರ್‌ನಲ್ಲಿ ಉಸಿರಾಡಿಸುವುದೇ ಚಿಕಿತ್ಸೆ. ಮೊದಲ ಒಂದು ದಿನ ದಾಟಿದವರು ಸಾಮಾನ್ಯವಾಗಿ ಪೂರ್ತಿ ಚೇತರಿಸಿಕೊಳ್ಳುತ್ತಾರೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ: ಕಣ್ಣು ತೆರೆಯಲಾಗದೆ ಮಲಗಿರುವ ರೋಗಿಗೆ ಬಹುತೇಕ ಪ್ರಜ್ಞೆ ಇರುತ್ತದೆ, ಸುತ್ತಲಿನ ಮಾತು ಕೇಳಿಸುತ್ತಿರುತ್ತದೆ. ಹಾಸಿಗೆಯ ಪಕ್ಕ ನಿಂತು ‘ಕೈಮೀರಿತು’ ಎನ್ನುವ ಮೊದಲು ಇದು ನೆನಪಿರಲಿ.

ಜೊತೆಗೆ ಊಟ ಮಾಡಿದವರಿಗೆಲ್ಲ ಫೋನ್ ಮಾಡಿ ತಿಳಿಸಿ. ಉಳಿದ ಪದಾರ್ಥ, ಚಿಪ್ಪು, ಪೊಟ್ಟಣದ ಚೀಟಿ ಯಾವುದನ್ನೂ ಎಸೆಯದೆ ಚೀಲದಲ್ಲಿ ಕಟ್ಟಿ, ‘ತಿನ್ನಬಾರದು’ ಎಂದು ಬರೆದು ಫ್ರಿಜ್‌ನಲ್ಲಿಡಿ. ಆರೋಗ್ಯ ಇಲಾಖೆಯ ಪರೀಕ್ಷೆಗೆ ಅದು ಬೇಕು.

ಲಕ್ಷಣ ಬೇರೆಯಿದ್ದರೆ

ಮೈಮೇಲೆ ದದ್ದು, ಮುಖದ ಊತ, ಉಬ್ಬಸ ಇದ್ದರೆ ಅಲರ್ಜಿಯ ಶಂಕೆ. ಅದೂ ತುರ್ತೇ. ಜೋಮು ಇಲ್ಲದೆ ಬರೀ ಭೇದಿ, ವಾಂತಿ, ಹೊಟ್ಟೆನೋವು ಇದ್ದರೆ ಡೈನೋಫೈಸಿಸ್ ಪಾಚಿಯ ಒಕಡಾಯಿಕ್ ಆಮ್ಲ ಕಾರಣವಿರಬಹುದು. ಸುಮಾರು ಮೂರು ದಿನದಲ್ಲಿ ತಾನೇ ಇಳಿಯುತ್ತದೆ. ಆ್ಯಂಟಿಬಯೋಟಿಕ್‌ನಿಂದ ಉಪಯೋಗವಿಲ್ಲ, ಓಆರ್‌ಎಸ್ ಕುಡಿಸುತ್ತಿರಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸಾಕು.

ಮರೆವು, ಗೊಂದಲ, ಸೆಳವು ಕಂಡರೆ ಮತ್ತೆ ಆಸ್ಪತ್ರೆಯ ಮಾತು. 1987ರಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಪಚ್ಚಿಲೆ ತಿಂದು 100ಕ್ಕೂ ಹೆಚ್ಚು ಜನ ಹೀಗೆ ಹಾಸಿಗೆ ಹಿಡಿದರು, ಸಾವುಗಳೂ ಆದವು. ಬದುಕುಳಿದವರಲ್ಲಿ ಕೆಲವರಿಗೆ ಹೊಸ ಸಂಗತಿ ನೆನಪಿಟ್ಟುಕೊಳ್ಳುವ ಶಕ್ತಿ ಹಿಂತಿರುಗಲಿಲ್ಲ. ಕಾರಣ ಡೊಮೊಯಿಕ್ ಆಮ್ಲ. ಈ ಲಕ್ಷಣಗಳು ಎರಡು ದಿನ ತಡವಾಗಿಯೂ ಬರಬಹುದು. ವಯಸ್ಸಾದವರು, ಮೂತ್ರಪಿಂಡದ ತೊಂದರೆ ಇರುವವರಿಗೆ ಅಪಾಯ ಹೆಚ್ಚು.

ಕೊಳ್ಳುವಾಗ, ಆರಿಸುವಾಗ

ವಿಷವಿದೆಯೋ ಇಲ್ಲವೋ ಹೇಳುವುದು ಪ್ರಯೋಗಾಲಯ ಮಾತ್ರ. ಸ್ಯಾಕ್ಸಿಟಾಕ್ಸಿನ್‌ಗೆ ಹಲವು ದೇಶಗಳು ಒಪ್ಪಿರುವ ಮಿತಿ 100 ಗ್ರಾಂ ಮಾಂಸಕ್ಕೆ 80 ಮೈಕ್ರೊಗ್ರಾಂ. ಅದನ್ನು ಮೀರಿದರೆ ಆ ನೀರಿನಲ್ಲಿ ಚಿಪ್ಪು ಹೆಕ್ಕುವುದನ್ನೇ ನಿಷೇಧಿಸುತ್ತಾರೆ. ಹಾಗಾಗಿ ಎಲ್ಲಿ, ಯಾವಾಗ ಹೆಕ್ಕಿದ್ದು ಎಂಬ ಚೀಟಿ ಇರುವುದನ್ನೇ ಕೊಳ್ಳಿ. ನೀವೇ ಹೆಕ್ಕುವುದಾದರೆ ಅದೇ ದಿನದ ಪ್ರಕಟಣೆ ನೋಡಿ, ಹಳೆಯದನ್ನು ನಂಬಬೇಡಿ. ಪಚ್ಚಿಲೆಯಿಂದ ವಿಷ ಕೆಲವು ವಾರಗಳಲ್ಲಿ ಹೋಗಬಹುದು, ಬಟರ್ ಕ್ಲ್ಯಾಮ್ ಎಂಬ ಜಾತಿಯಲ್ಲಿ ವರ್ಷ ದಾಟಿಯೂ ಉಳಿಯುತ್ತದೆ.

ನೀರಿನ ಬಣ್ಣ ನೋಡಿ ತೀರ್ಮಾನಿಸುವಂತಿಲ್ಲ. ಕೆಂಪಾದ ನೀರೆಲ್ಲ ವಿಷವಲ್ಲ, ತಿಳಿಯಾಗಿ ಕಾಣುವ ನೀರಲ್ಲೂ ಅಪಾಯದ ಮಟ್ಟದ ಪಾಚಿ ಇರುತ್ತದೆ. ಬೆಳ್ಳಿ ಚಮಚ, ಬೆಳ್ಳುಳ್ಳಿ ಹಾಕಿ ಬಣ್ಣ ಬದಲಾಗುತ್ತದೆಯೇ ನೋಡುವ ಪರೀಕ್ಷೆಗಳಿಗೂ ವಿಷಕ್ಕೂ ಸಂಬಂಧವೇ ಇಲ್ಲ.

ಒಲೆಯ ಮೇಲೆ

ಕುದಿಸುವುದು, ಹುರಿಯುವುದು, ಹುಳಿ ಹಿಂಡುವುದು, ಫ್ರೀಜರ್‌ನಲ್ಲಿಡುವುದು, ಇವ್ಯಾವುದೂ ಈ ವಿಷಗಳನ್ನು ನಾಶಮಾಡುವುದಿಲ್ಲ. ಶುದ್ಧ ನೀರಿನ ತೊಟ್ಟಿಯಲ್ಲಿ ಒಂದೆರಡು ದಿನ ಇಟ್ಟರೆ ಬ್ಯಾಕ್ಟೀರಿಯಾ ಕಡಿಮೆಯಾಗುತ್ತದೆ, ಪಾಚಿಯ ವಿಷಕ್ಕೆ ಅಷ್ಟು ಸಾಲದು. ಬೇಯಿಸಿದಾಗ ಮಾಂಸದ ವಿಷ ಒಂದಿಷ್ಟು ನೀರಿಗಿಳಿಯುವುದು ನಿಜ, ಆದರೆ ನೀರು ಚೆಲ್ಲಿದ ಮಾತ್ರಕ್ಕೆ ಮಾಂಸ ತಿನ್ನಲು ಯೋಗ್ಯವಾಗುವುದಿಲ್ಲ. ಸ್ಕ್ಯಾಲಪ್ ಎಂಬ ಚಿಪ್ಪುಜೀವಿಯಲ್ಲಿ ವಿಷ ಹೆಚ್ಚಾಗಿ ಕರುಳಿನ ಭಾಗದಲ್ಲಿರುತ್ತದೆ, ಮಧ್ಯದ ಬಿಳಿ ಸ್ನಾಯುವಿನಲ್ಲಿ ಸಾಮಾನ್ಯವಾಗಿ ಕಡಿಮೆ. ಏಡಿ, ಲಾಬ್‌ಸ್ಟರ್ ತಿನ್ನುವವರು ಚಿಪ್ಪಿನೊಳಗಿನ ಹಳದಿ-ಹಸಿರು ಮೆತ್ತನೆಯ ಭಾಗವನ್ನು ಬೇಯಿಸುವ ಮೊದಲೇ ತೆಗೆದುಹಾಕುವುದು ಒಳ್ಳೆಯದು. ಬೆಂದ ಮೇಲೆ ತೆಗೆದರೆ ಅದರ ರಸ ಸಾರಿಗೆ ಸೇರಿಯಾಗಿರುತ್ತದೆ.