ರಜೆಯಲ್ಲಿ ಲೆಕ್ಕ ಮರೆಯದ ಹಾಗೆ: ಜಗಲಿ ಮೇಲಿನ ಆಟಗಳು, ನನ್ನ ಅನುಭವ

ಈ ಜೂನ್‌ನಲ್ಲಿ ಸೇತುಬಂಧದ (ಹಿಂದಿನ ತರಗತಿಯ ಪಾಠ ನೆನಪಿಸುವ ಕಾರ್ಯಕ್ರಮ) ಪೂರ್ವ ಪರೀಕ್ಷೆ ಮಾಡಿದಾಗ ನಮ್ಮ ಐದನೇ ತರಗತಿಯಲ್ಲಿ ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ತಪ್ಪಿದವರು ಮೂರೋ ನಾಲ್ಕೋ ಮಕ್ಕಳು ಅಷ್ಟೇ. ಹಿಂದೆಲ್ಲ ಅರ್ಧಕ್ಕಿಂತ ಜಾಸ್ತಿ ಮಕ್ಕಳು ತಪ್ಪುತ್ತಿದ್ದರು. ಮಾರ್ಚ್‌ನಲ್ಲಿ ಸಲೀಸಾಗಿ ಮಾಡಿದ್ದ ಮಗುವೇ ಜೂನ್‌ನಲ್ಲಿ 402ರಿಂದ 187 ಕಳೆ ಅಂದರೆ 385 ಅಂತ ಬರೆದಿಡುತ್ತಿತ್ತು. ದೊಡ್ಡದರಿಂದ ಚಿಕ್ಕದು ಕಳೆದರಾಯಿತು, ಮೇಲೆ ಯಾವುದು ಕೆಳಗೆ ಯಾವುದು ಅಂತ ನೋಡುವ ಗೋಜೇ ಇಲ್ಲ. ನಿಮ್ಮ ಶಾಲೆಯಲ್ಲೂ ಇದೇ ಕಥೆ ಅಲ್ವಾ? ಈ ವರ್ಷ ನಮ್ಮಲ್ಲಿ ಅದು ತಪ್ಪಿತು. ಆಟದಿಂದಲೇ ತಪ್ಪಿತು. ನಂಬದವರು ಬಹಳ ಜನ ಇದ್ದರು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಳಗಡೆ ಶಾಲೆ. ಗುಡ್ಡಕ್ಕೊಂದು ಮನೆ. ಏಪ್ರಿಲ್, ಮೇ ರಜೆಯಲ್ಲಿ ಮಕ್ಕಳನ್ನು ಶಾಲೆಗೆ ಕರೆಸುವ ಮಾತೇ ಇಲ್ಲ. ಅರ್ಧ ಮಕ್ಕಳು ಅಜ್ಜಿಮನೆಗೆ ಹೋಗಿರುತ್ತಾರೆ. ಪೇಟೆಯ ಬೇಸಿಗೆ ಶಿಬಿರ ಇಲ್ಲಿ ನಡೆಯುವುದಿಲ್ಲ. ಏನೇ ಮಾಡಿದರೂ ಮೇಷ್ಟ್ರು ಇಲ್ಲದೆ, ಮನೆಯಲ್ಲೇ ನಡೆಯಬೇಕು.

ಮೊದಲ ವರ್ಷ ಜೆರಾಕ್ಸ್ ಹಾಳೆ ಹಂಚಿದ್ದೆ. ಸುಡೊಕು, ಪದಬಂಧ, ಚಿತ್ರದ ಒಗಟು, ಮಗುವಿಗೆ ಮೂವತ್ತು ಹಾಳೆ. ಸುಮಾರು ₹1,800 ಕೈಯಿಂದ ಹೋಯಿತು. ಹುಷಾರಿದ್ದ ಮಕ್ಕಳು ವಾರದೊಳಗೆ ಅಷ್ಟನ್ನೂ ಬಿಡಿಸಿ ಖಾಲಿ ಕೂತರು. ನಿಜವಾಗಿ ಬೇಕಾಗಿದ್ದವರು ಎರಡನೇ ಹಾಳೆಗೇ ಕೈಬಿಟ್ಟರು. ಜೂನ್‌ನಲ್ಲಿ ಒಂದು ಮನೆಗೆ ಹೋದರೆ ಆ ಹಾಳೆಯಲ್ಲಿ ಒಣಮೆಣಸು ಕಟ್ಟಿಟ್ಟಿದ್ದರು. ಒಗಟನ್ನು ಒಮ್ಮೆ ಬಿಡಿಸಿದರೆ ಅದರ ಕೆಲಸ ಮುಗಿಯಿತು. ಆಟ ಹಾಗಲ್ಲ, ಸೋತವನು ನಾಳೆ ಮತ್ತೆ ಬರುತ್ತಾನೆ. ಇಷ್ಟು ಗೊತ್ತಾಗಲು ಆ ದುಡ್ಡು ಬೇಕಾಯಿತು.

ಮರುವರ್ಷ ವಾಟ್ಸಾಪ್ ಕ್ವಿಜ್. ಸಿಗ್ನಲ್ ಬೇಕಂದರೆ ಗುಡ್ಡ ಹತ್ತಬೇಕು. ಫೋನ್ ಅಪ್ಪನ ಜೇಬಲ್ಲಿ, ಅಪ್ಪ ತೋಟದಲ್ಲಿ. ಮೇ ತಿಂಗಳ ಗಾಳಿಮಳೆಗೆ ಕರೆಂಟ್ ಹೋದರೆ ಎರಡು ಮೂರು ದಿನ ಪತ್ತೆ ಇಲ್ಲ. ಎಲ್ಲಾ ಉತ್ತರ ಸರಿ ಕಳಿಸುತ್ತಿದ್ದ ಒಬ್ಬ ಹುಡುಗನ ಅಕ್ಕ ಪಿಯುಸಿ ಓದುತ್ತಿದ್ದಳು.

ಆಮೇಲೆ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ ಪ್ಲಾಸ್ಟಿಕ್ ಟ್ಯಾಂಗ್ರಾಮ್ (ಏಳು ತುಂಡು ಜೋಡಿಸಿ ಆಕಾರ ಮಾಡುವ ಆಟ), ರೂಬಿಕ್ ಕ್ಯೂಬ್, ಲೂಡೋ ಅಂತ ಸುಮಾರು ₹3,500 ಸುರಿದೆ. ಟ್ಯಾಂಗ್ರಾಮಿನ ಏಳು ತುಂಡು ಜೂನ್ ಹೊತ್ತಿಗೆ ಐದಾಗಿತ್ತು. ಕ್ಯೂಬಿನ ಸ್ಟಿಕ್ಕರ್ ಕಿತ್ತು ಅಂಟಿಸಿ "ಬಿಡಿಸಿದೆ ಸಾರ್" ಅಂದವರೂ ಇದ್ದರು. ಅಡಿಕೆ ಹಾಳೆಯನ್ನು ನೆನೆಸಿ, ಭಾರ ಹೇರಿ ಒಣಗಿಸಿ ಟ್ಯಾಂಗ್ರಾಮ್ ಕತ್ತರಿಸಿಯೂ ನೋಡಿದೆ. ಚೆನ್ನಾಗೇ ಬಂತು. ಆದರೆ ಬಿಸಿಲು ಏರಿದ ಹಾಗೆ ಸುರುಟಿಕೊಂಡು ತುಂಡು ಹೊಂದುತ್ತಿರಲಿಲ್ಲ.

ಕೊನೆಗೆ ಗೆದ್ದದ್ದು ಜಗಲಿ. ಎಣ್ಣೆ ಬಣ್ಣದ ಸಣ್ಣ ಡಬ್ಬಿ, ಎರಡು ಬ್ರಷ್ ತಗೊಂಡು, ಮನೆಯವರನ್ನು ಕೇಳಿ, ಹತ್ತು ಹನ್ನೆರಡು ಮನೆಯ ಜಗಲಿ ಮೇಲೆ ಹುಲಿ-ಕುರಿ ಮನೆ ಮತ್ತು ಚೌಕಾಬಾರ ಬರೆದೆ. ಮಣ್ಣಿನ ನೆಲ ಇದ್ದವರಿಗೆ ಹಳೇ ಫ್ಲೆಕ್ಸ್ ಹಿಂಬದಿಯಲ್ಲಿ ಬರೆದುಕೊಟ್ಟೆ. ಅಜ್ಜಿಮನೆಗೆ ಹೋಗುವ ಮಕ್ಕಳೂ ಅದನ್ನೇ ಸುತ್ತಿಕೊಂಡು ಹೋದರು. ಅಳಗುಳಿ ಮಣೆಗೆ ಖರ್ಚೇ ಇಲ್ಲ, ಬಹಳ ಮನೆಗಳ ಅಟ್ಟದಲ್ಲಿ ಒಂದು ಬಿದ್ದಿತ್ತು. ಮಗುವಿಗೊಂದು ಬಟ್ಟೆ ಚೀಲ, ಅದರಲ್ಲಿ ಹುಣಸೆ ಬೀಜ, ಹತ್ತು ರೂಪಾಯಿಯ ಪಾಕೆಟ್ ಪುಸ್ತಕ, ಒಂದು ಪೆನ್ಸಿಲ್. ಬಣ್ಣ ಎಲ್ಲ ಸೇರಿ ತಲೆಗೆ ನಲವತ್ತೈದು ರೂಪಾಯಿ ಬಿದ್ದಿರಬಹುದು. ಗುಲಗಂಜಿ ಮಾತ್ರ ಕೊಡಬೇಡಿ. ನೋಡಲು ಚಂದ, ಆದರೆ ಬೀಜ ವಿಷ. ಮನೆಯಲ್ಲಿ ಸಣ್ಣ ಮಕ್ಕಳು ಬಾಯಿಗೆ ಹಾಕಿ ಜಗಿದರೆ ಕಷ್ಟ.

"ಎಂತ ಮೇಷ್ಟ್ರೆ, ಮಕ್ಕಳಿಗೆ ಜೂಜು ಕಲಿಸ್ತೀರಾ?" ಅಂತ ಎಸ್‌ಡಿಎಂಸಿ, ಅಂದರೆ ಶಾಲೆಯ ಉಸ್ತುವಾರಿ ಸಮಿತಿ, ಸದಸ್ಯರೊಬ್ಬರು ಎಲ್ಲರೆದುರು ಕೇಳಿದರು. ಆ ಭಯ ನ್ಯಾಯವಾದದ್ದೇ. ಪಣ ಇಡುವ ಹಾಗಿಲ್ಲ, ಒಂದು ಮಾವಿನ ಮಿಡಿ ಕೂಡ ಇಡುವ ಹಾಗಿಲ್ಲ ಅಂತ ಪ್ರತಿ ಪುಸ್ತಕದ ಮೊದಲ ಪುಟದಲ್ಲಿ ಬರೆಸಿದೆ. "ರಜೆಗೂ ಸಂಬಳ ಕೊಡ್ತಾರಾ ನಿಮಗೆ?" ಅಂದ ಸಹೋದ್ಯೋಗಿಗೆ ನಾನು ಉತ್ತರ ಕೊಟ್ಟಿರಲಿಲ್ಲ. ಈಗ ಪರೀಕ್ಷೆಯ ಹಾಳೆ ತೋರಿಸಿದ್ದೇನೆ.

ಹುಲಿ-ಕುರಿಯಲ್ಲಿ ಹುಲಿ ಕುರಿಯನ್ನು ಹಾರಿ ತಿನ್ನುತ್ತದೆ, ಕುರಿಗಳು ಸೇರಿ ಹುಲಿಯನ್ನು ಕಟ್ಟಿಹಾಕಬೇಕು. ಇಪ್ಪತ್ಮೂರು ಜಾಗ, ಮೂರು ಹುಲಿ, ಹದಿನೈದು ಕುರಿ. ಮೊದಲ ವಾರ ಎಲ್ಲಾ ಮಕ್ಕಳಿಗೂ ಹುಲಿಯೇ ಬೇಕು. ಅದಕ್ಕೆ ಒಂದು ಕಟ್ಟಳೆ ಮಾಡಿದೆ: ಒಬ್ಬರು ಹುಲಿ ಆಡಿದರೆ ಮುಂದಿನ ಆಟಕ್ಕೆ ಕುರಿ ಆಡಲೇಬೇಕು, ಎರಡೂ ಆಟದ ಲೆಕ್ಕ ಸೇರಿಸಿಯೇ ಗೆಲುವು. ಮುಂದಿನ ಎರಡು ಮೂರು ನಡೆ ಯೋಚಿಸುವುದು ಕುರಿ ಆಡುವವರಿಗೇ ಬರುವುದು. ಕುರಿ ಇಡುವುದರಲ್ಲಿ ಮೊದಲ ಐದು ಕುರಿಯ ಗುಟ್ಟು ಒಂದಿದೆ. ನನಗೆ ಗೊತ್ತು, ಒಬ್ಬ ಅಜ್ಜಿಗೂ ಗೊತ್ತು. ಮಕ್ಕಳಿಗೆ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ. ಮೂರನೇ ತರಗತಿಯವರಿಗೆ ಈ ಆಟ ಭಾರವೇ. ಅವರಿಗೆ ಚೌಕಾಬಾರ, ಅಳಗುಳಿ ಸಾಕು.

ಅಳಗುಳಿಯಲ್ಲಿ ಒಂದು ತಕರಾರು ಎದ್ದು ಒಳ್ಳೆಯದೇ ಆಯಿತು. ಘಟ್ಟದ ಕೆಳಗಿಂದ ಬಂದ ಅಜ್ಜಿ ಗುಳಿಗೆ ನಾಲ್ಕು ಬೀಜ ಅಂದರು. ಈ ಮನೆಯವರು ಐದು ಅಂದರು. ಹದಿನಾಲ್ಕು ಗುಳಿ, ಹಾಗಾದರೆ ಒಟ್ಟು 56 ಬೇಕೋ 70 ಬೇಕೋ? ಎರಡೂ ಆಡಿ ನೋಡಿ ಅಂದೆ. ನಾಲ್ಕನೇ ತರಗತಿಯ ಹುಡುಗಿ ಎರಡರಲ್ಲೂ ಯಾವ ಗುಳಿಯಿಂದ ಶುರು ಮಾಡಿದರೆ ಬೀಜ ಎಲ್ಲಿ ಮುಗಿಯುತ್ತದೆ ಅಂತ ಪುಸ್ತಕದ ತುಂಬ ಗುರುತು ಮಾಡಿಟ್ಟಿದ್ದಳು. ಆಮೇಲೆ ಅವಳ ಜೊತೆ ಆಡಲು ಯಾರೂ ಬರುತ್ತಿರಲಿಲ್ಲ, ಅಜ್ಜಿ ಬಿಟ್ಟು.

ಚೌಕಾಬಾರಕ್ಕೆ ಕವಡೆ ಬದಲು ಒಂದು ಬದಿ ತೇಯ್ದ ಹುಣಸೆ ಬೀಜ ನಾಲ್ಕು. ಎಷ್ಟು ಬೀಜ ಮೇಲಾಗುತ್ತದೋ ಅಷ್ಟು ಲೆಕ್ಕ; ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಕವುಚಿದರೆ ಬಾರ. ಒಬ್ಬ ಹುಡುಗನಿಗೆ ಚೌಕ ವಿಪರೀತ ಬೀಳುತ್ತಿತ್ತು. ಎದುರಾಳಿಗಳು ಜಗಳ ತೆಗೆದರು. ಸರಿ, ಅವನ ಬೀಜ, ಎದುರು ಆಡಿದ ಹುಡುಗಿಯ ಬೀಜ, ಎರಡನ್ನೂ ಇನ್ನೂರು ಸಲ ಹಾಕಿ ಗೆರೆ ಎಳೆಯಿರಿ ಅಂದೆ. ಎರಡೂ ಬದಿ ಸಮ ಬೀಳುವ ಬೀಜವಾದರೆ ಹದಿನಾರು ಸಲಕ್ಕೆ ಆರು ಸಲ ಎರಡು, ನಾಲ್ಕು ನಾಲ್ಕು ಸಲ ಒಂದು ಮತ್ತು ಮೂರು, ಒಂದೊಂದು ಸಲ ಚೌಕ, ಬಾರ. ಹುಡುಗಿಯದ್ದು ಹತ್ತಿರ ಹತ್ತಿರ ಹಾಗೇ ಬಂತು. ಅವನದ್ದರಲ್ಲಿ ಚೌಕ ಎರಡು ಮೂರು ಪಟ್ಟು. ಬೀಜವನ್ನು ಓರೆಯಾಗಿ ತೇಯ್ದಿದ್ದ! ಸಂಭವನೀಯತೆ ಪಾಠ ಹೈಸ್ಕೂಲಿನದು. ಇವರು ಐದನೇ ತರಗತಿಗೇ ಕಳ್ಳ ಬೀಜ ಹಿಡಿದರು.

ಆದರೆ ಕಳೆಯುವ ಲೆಕ್ಕ ಉಳಿಸಿದ್ದು ಈ ಮೂರೂ ಅಲ್ಲ, 6174 ಅನ್ನುವ ಸಂಖ್ಯೆಯ ಆಟ. ಮಹಾರಾಷ್ಟ್ರದ ದೇವಳಾಲಿಯಲ್ಲಿ ನಮ್ಮ ಹಾಗೇ ಶಾಲಾ ಮೇಷ್ಟ್ರಾಗಿದ್ದ ಡಿ. ಆರ್. ಕಾಪ್ರೇಕರ್ ಕಂಡುಹಿಡಿದ ಸಂಖ್ಯೆ ಅದು. ನಾಲ್ಕು ಅಂಕಿ ಆರಿಸಿ, ಎಲ್ಲವೂ ಒಂದೇ ಅಂಕಿ ಆಗಬಾರದು. ಇಳಿಕೆ ಕ್ರಮದಲ್ಲಿ ಬರೆದು ಅದರಿಂದ ಏರಿಕೆ ಕ್ರಮದ್ದನ್ನು ಕಳೆಯಿರಿ. ಬಂದ ಉತ್ತರಕ್ಕೆ ಮತ್ತೆ ಹಾಗೇ. 3524 ತಗೊಳ್ಳಿ: 5432ರಿಂದ 2345 ಕಳೆದರೆ 3087. 8730ರಿಂದ 0378 ಕಳೆದರೆ 8352. 8532ರಿಂದ 2358 ಕಳೆದರೆ 6174. ಹೆಚ್ಚೆಂದರೆ ಏಳು ಹೆಜ್ಜೆಯಲ್ಲಿ ಅಲ್ಲಿಗೆ ಬರಲೇಬೇಕು. ಏಳು ದಾಟಿದರೂ ಬರಲಿಲ್ಲ ಅಂದರೆ ಎಲ್ಲೋ ಕಳೆದದ್ದು ತಪ್ಪಿದೆ, ಮಗುವೇ ಹಿಂದೆ ಹೋಗಿ ಹುಡುಕುತ್ತದೆ. ಕೆಂಪು ಪೆನ್ನಿನ ಮೇಷ್ಟ್ರು ಬೇಕಾಗಿಲ್ಲ. ನನಗೆ ಬೇಕಾಗಿದ್ದು ಸರಿಯಾಗಿ ಇದೇ. ನಡುವೆ 999 ಬಂದರೆ 0999 ಅಂತ ಬರೆಯಬೇಕು, ಇದನ್ನು ರಜೆಗೆ ಮುಂಚೆಯೇ ಹೇಳಿಕೊಡಿ. ಕೈ ಕೂರದ ಮಕ್ಕಳಿಗೆ ಮೂರು ಅಂಕಿಯದ್ದು ಕೊಡಿ, ಅದು 495ಕ್ಕೆ ಬಂದು ನಿಲ್ಲುತ್ತದೆ. ಯಾರ ಸಂಖ್ಯೆ ಜಾಸ್ತಿ ಹೆಜ್ಜೆ ತಗೊಳ್ಳುತ್ತದೆ ಅಂತ ಪೈಪೋಟಿ ಇಟ್ಟೆ. ಸುಮ್ನೆ ಕೂತಾಗೆಲ್ಲ ಅದೇ ಕೆಲಸ. ಕೆಲವು ಮಕ್ಕಳು ಇನ್ನೂರಕ್ಕಿಂತ ಹೆಚ್ಚು ಕಳೆಯುವ ಲೆಕ್ಕ ಮಾಡಿದ್ದರು. ಹೋಂವರ್ಕ್ ಅಂತ ಕೊಟ್ಟಿದ್ದರೆ ಹತ್ತು ಮಾಡುತ್ತಿರಲಿಲ್ಲ.

ಹಲಸಿನ ಹಪ್ಪಳದ ಕಾಲದಲ್ಲಿ ಇನ್ನೊಂದು ನೋಡಿದೆ. ಚಾಪೆ ಮೇಲೆ ಹಪ್ಪಳ ಹಾಕುವಾಗ ಎಲ್ಲಾ ಸಾಲಲ್ಲೂ ಸಮ ಬರಬೇಕು ಅಂತ ಮಕ್ಕಳಿಗೆ ಹೇಳಿದ್ದೆ. 48 ಹಪ್ಪಳಕ್ಕೆ ಆರೆಂಟಲ, ನಾಲ್ಕು ಹನ್ನೆರಡಲ, ಎಷ್ಟೊಂದು ದಾರಿ. ಒಂದನ್ನು ಯಾರೋ ಹಸಿಯಾಗೇ ತಿಂದು 47 ಉಳಿದಾಗ ಉದ್ದಕ್ಕೆ ಒಂದೇ ಸಾಲು ಬಿಟ್ಟರೆ ಬೇರೆ ದಾರಿ ಇಲ್ಲ. ಅವಿಭಾಜ್ಯ ಸಂಖ್ಯೆಯನ್ನು ಅವರು ಈಗ "ಒಂಟಿ ಸಾಲು" ಅಂತಲೇ ಕರೆಯುತ್ತಾರೆ. ನಾನೂ ತಿದ್ದಲು ಹೋಗಿಲ್ಲ.

ಓದುವುದರಲ್ಲಿ ಮಾತ್ರ ಈ ಆಟಗಳಿಂದ ಏನೂ ವ್ಯತ್ಯಾಸ ಕಾಣಲಿಲ್ಲ. ಅಜ್ಜಿಯರ ಒಗಟು ಬರೆದುಕೊಂಡು ಬನ್ನಿ ಅಂದಿದ್ದೆ. ಕೇಳಿಕೊಂಡು ಬಂದರು, ಬರೆಯಲಿಲ್ಲ. ಅದಕ್ಕೆ ಬೇರೆ ದಾರಿ ಹುಡುಕುತ್ತಿದ್ದೇನೆ.

ದಿನಾ ರಾತ್ರಿ ಪಾಕೆಟ್ ಪುಸ್ತಕದಲ್ಲಿ ಒಂದು ಸಾಲು: ಯಾರ ಜೊತೆ ಆಡಿದೆ, ಎಷ್ಟರಲ್ಲಿ ಗೆದ್ದೆ ಅಥವಾ ಸೋತೆ. ಮುಕ್ಕಾಲು ಪಾಲು ಮಕ್ಕಳು ಕೊನೆವರೆಗೂ ಬರೆದಿದ್ದರು. ಬರೆಸುವುದಕ್ಕೆ ಒಂದು ಉಪಾಯ ಇದೆ, ಅದು ಇನ್ನೊಂದು ರಜೆ ನನ್ನ ಹತ್ತಿರವೇ ಇರಲಿ. ನೀವು ಶುರು ಮಾಡುವುದಾದರೆ ಮಾರ್ಚ್ ಕೊನೆಯಲ್ಲೇ ಜಗಲಿಗೆ ಬಣ್ಣ ಹಚ್ಚಿ, ಎರಡು ದಿನ ಯಾರೂ ತುಳಿಯದ ಹಾಗೆ ಅಡ್ಡ ಇಡಿ. ಮಳೆ ಶುರುವಾದ ಮೇಲೆ ಹಚ್ಚಿದ್ದು ಒಣಗದೆ ಕಾಲಿಗೆಲ್ಲ ಅಂಟಿ, ಮನೆಯವರ ಬೈಗುಳ ತಿನ್ನಬೇಕಾಗುತ್ತದೆ.