ಕಾಫಿ ಕಣದ ಮೇಲೊಂದು ಟಾರ್ಪಾಲ್: ಕೊಡಗಿನ ಮಳೆಯಲ್ಲಿ ಸೈಕಲ್ ಕ್ಯಾಂಪಿಂಗ್

ಜುಲೈ ಮಳೆಗೆ ಕೊಡಗಿಗೆ ಹೋಗಿ, ಟೆಂಟ್ ಇಲ್ಲದೆ ಬರೀ ಟಾರ್ಪಾಲ್ ಮತ್ತು ಸೈಕಲ್ ನಂಬಿಕೊಂಡು ಕಾಫಿ ಒಣಗಿಸುವ ಸಿಮೆಂಟ್ ಕಣದ ಮೇಲೆ ಮಲಗ್ತೀನಿ ಅಂದಾಗ ನಮ್ಮ ಗುಂಪಿನಲ್ಲಿ ಯಾರೂ ಒಪ್ಪಲಿಲ್ಲ. "ಸಿಮೆಂಟ್ ನೆಲದಲ್ಲಿ ಗೂಟ ಎಲ್ಲಿ ಹೊಡೀತೀಯ ಮಾರಾಯ?" ಅಂದರು. ಈ ಸಲ ಮೂರ್ನಾಡು, ನಾಪೋಕ್ಲು ದಾಟಿ ಕಕ್ಕಬ್ಬೆ ಕಡೆ ಹೋದಾಗ ಹಗಲೂ ರಾತ್ರಿಯೂ ಸುರಿಯಿತು. ಹಾಸಿಗೆಗೆ ಒಂದು ಹನಿ ಬೀಳಲಿಲ್ಲ.

ಮೊದಲು ಟೆಂಟಿನ ವಿಷಯ. ಹತ್ತಿರ ಹತ್ತಿರ ಎಂಟು ಸಾವಿರ ಕೊಟ್ಟಿದ್ದೆ. ಮಳೆಯನ್ನೇನೋ ತಡೆಯಿತು. ಆದರೆ ಆ ಥಂಡಿಗೆ ಜಿಪ್ ಎಳೆದು ಮಲಗಿದರೆ ನಮ್ಮ ಉಸಿರೇ ಒಳಗೆ ಹನಿಗಟ್ಟಿ, ಬೆಳಗಿನ ಹೊತ್ತಿಗೆ ಸ್ಲೀಪಿಂಗ್ ಬ್ಯಾಗ್ ಮೇಲೆ ತೊಟ್ಟಿಕ್ಕುತ್ತಿತ್ತು. ಒಣಗಿಸೋಣ ಅಂದರೆ ಬಿಸಿಲೆಲ್ಲಿ? ಒದ್ದೆ ಟೆಂಟ್ ಮಡಚಿಟ್ಟರೆ ಎರಡನೇ ದಿನಕ್ಕೆ ಮುಗ್ಗಲು ವಾಸನೆ. ತೋಟದ ಮಣ್ಣಿನಲ್ಲಿ ಗೂಟವೂ ನಿಲ್ಲಲ್ಲ, ಜಿಗಣೆ ಬೇರೆ. ಅರ್ಧ ಬೆಲೆಗೆ ಮಾರಿಬಿಟ್ಟೆ.

ಕಣದ ಯೋಚನೆ ಬಂದಿದ್ದು ಆಮೇಲೆ. ಕಾಫಿ ಕೊಯ್ಲು ನವೆಂಬರಿನಿಂದ ಮಾರ್ಚ್‌ವರೆಗೆ. ಜುಲೈನಲ್ಲಿ ಕಣ ಖಾಲಿ ಬಿದ್ದಿರುತ್ತೆ. ಕೆಸರಿಲ್ಲ, ಬರೀ ಸಿಮೆಂಟಿನ ಮೇಲೆ ಜಿಗಣೆ ಕಾಟವೂ ತೀರಾ ಕಡಿಮೆ. ಪಕ್ಕದಲ್ಲೇ ಲೈನ್ ಮನೆ (ತೋಟದ ಕೆಲಸಗಾರರ ಸಾಲು ಮನೆ) ಇದ್ದರೆ ಜನರ ಓಡಾಟವೂ ಇರುತ್ತೆ. ಕೇಳದೆ ಮಾತ್ರ ಯಾರ ತೋಟಕ್ಕೂ ನುಗ್ಗಬೇಡಿ. ನನಗೆ ಜಾಗ ಕೊಟ್ಟ ತೋಟದ ರೈಟರ್ (ಲೆಕ್ಕ, ಕೆಲಸ ನೋಡಿಕೊಳ್ಳುವವರು) ಹೇಳಿದ ಮೊದಲ ಮಾತು, "ಹಲಸಿನ ಮರದ ಹತ್ತಿರ ಬೇಡ ಸಾರ್, ಹಣ್ಣಿಗೆ ಆನೆ ಬರ್ತದೆ." ರಸ್ತೆ ಬದಿಯ ಬರೆ (ಕಡಿದಾದ ಮಣ್ಣಿನ ದಿಬ್ಬ) ಕೆಳಗಂತೂ ಬೇಡವೇ ಬೇಡ. 2018ರ ಆಗಸ್ಟಿನಲ್ಲಿ ಇಲ್ಲಿ ಗುಡ್ಡ ಕುಸಿದದ್ದು ನೋಡಿದವರಿಗೆ ಕಾರಣ ಹೇಳಬೇಕಿಲ್ಲ.

ಈಗ ಕಟ್ಟೋದು. ಸೈಕಲ್ ತಲೆಕೆಳಗೆ ಮಾಡಿ ಸೀಟು, ಹ್ಯಾಂಡಲ್ ಮೇಲೆ ನಿಲ್ಲಿಸಿ. ಮಣ್ಣಲ್ಲಾದರೆ ಹ್ಯಾಂಡಲ್ ಹೂತು ವಾಲುತ್ತೆ, ಸಿಮೆಂಟಿನ ಮೇಲೆ ಗಟ್ಟಿಯಾಗಿ ಕೂರುತ್ತೆ. ಬ್ರೇಕ್ ಹಿಡಿಗಳನ್ನು ಹಳೇ ಟ್ಯೂಬಿನ ಪಟ್ಟಿಯಿಂದ ಬಿಗಿದರೆ ಚಕ್ರ ತಿರುಗಲ್ಲ. ನನ್ನದು ಕೇಬಲ್ ಬ್ರೇಕು. ಆಯಿಲ್ (ಹೈಡ್ರಾಲಿಕ್) ಬ್ರೇಕ್ ಇರುವವರು ತಲೆಕೆಳಗೆ ಮಾಡುವ ಮುಂಚೆ ಯೋಚಿಸಿ, ಪೈಪಿಗೆ ಗಾಳಿ ಸೇರಿ ಬ್ರೇಕ್ ಸಡಿಲವಾಗಬಹುದು. ಎರಡೂ ಟೈರ್ ಮೇಲೆ ಹಾದು ಹೋಗುವಂತೆ ಹಗ್ಗ ಎಳೆದು, ಅದರ ಮೇಲೆ 10 ಅಡಿ 12 ಅಡಿಯ ಟಾರ್ಪಾಲ್ ಹಾಕಿ. 120 ಜಿಎಸ್‌ಎಂ (ಚದರ ಮೀಟರಿಗೆ 120 ಗ್ರಾಂ) ದಪ್ಪದ್ದು ಸಾಕು, ಒಂದೂಕಾಲು ಕೆಜಿ ಮೇಲೆ ಸ್ವಲ್ಪ ತೂಗುತ್ತೆ, ಎಂಟುನೂರೋ ಒಂಬೈನೂರೋ ಕೊಟ್ಟ ನೆನಪು. ಪೆಡಲ್‌ಗೆ ಹಳೇ ಸಾಕ್ಸ್ ತೊಡಿಸಿ, ಇಲ್ಲಾಂದ್ರೆ ಹರಿಯುತ್ತೆ. ಹ್ಯಾಂಡಲ್ ತಿರುಗದ ಹಾಗೆ ಮುಂದಿನ ಚಕ್ರಕ್ಕೆ ನಾನು ಹಾಕುವ ಗಂಟು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಗೂಟದ ಬದಲು ಖಾಲಿ ಗೊಬ್ಬರ ಚೀಲ. ತೋಟದಲ್ಲೇ ಸಿಗುತ್ತೆ, ಅರ್ಧ ಮಣ್ಣು ತುಂಬಿ ಹಗ್ಗ ಕಟ್ಟಿದರೆ ಗಾಳಿಗೆ ಅಲ್ಲಾಡಲ್ಲ. ಮುಂಗಾರು ಗಾಳಿ ನೈಋತ್ಯದಿಂದ ಬರುತ್ತಲ್ವಾ, ಆ ಕಡೆ ಟಾರ್ಪಾಲ್ ನೆಲ ಮುಟ್ಟಬೇಕು, ಎದುರು ಕಡೆ ಒಂದು ಗೇಣು ಬಿಡಬೇಕು. ಆ ಸಂದಿಯಿಂದಲೇ ಒಳಗಿನ ತೇವ ಹೊರಗೆ ಹೋಗೋದು. ಕಣಕ್ಕೆ ನೀರು ಹರಿಯಲು ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ, ಮೇಲಿನ ಅಂಚಿನಲ್ಲೇ ಮಲಗಿ. ತಲೆ ಕಡೆ ಎರಡು ಚೀಲ ಓರೆಯಾಗಿ ಇಟ್ಟರೆ ಹರಿದು ಬರುವ ನೀರು ಪಕ್ಕಕ್ಕೆ ತಿರುಗುತ್ತೆ.

ಹಗಲು ಒದ್ದೆಯಾಗದೆ ಸೈಕಲ್ ಹೊಡೆಯುವ ಪ್ರಯತ್ನ ನಾನು ಬಿಟ್ಟಿದ್ದೇನೆ. ಏರು ರಸ್ತೆಯಲ್ಲಿ ರೇನ್‌ಕೋಟ್ ಹಾಕಿದರೆ ಬೆವರಿಗೇ ನೆನೆಯುತ್ತೇವೆ. ಒಂದು ಜೊತೆ ಬಟ್ಟೆ ಎರಡು ಪ್ಲಾಸ್ಟಿಕ್ ಚೀಲದೊಳಗೆ, ರಾತ್ರಿಗೆ ಮಾತ್ರ. ಬೆಳಗ್ಗೆ ಮತ್ತೆ ಅದೇ ಒದ್ದೆ ಬಟ್ಟೆ. ಮೊದಲ ಹತ್ತು ನಿಮಿಷ ಹಲ್ಲು ಕಟಕಟ ಅನ್ನುತ್ತೆ, ಬಿಸಿ ಬೆಲ್ಲದ ಕಾಫಿ ಕುಡಿದು ಪೆಡಲ್ ತುಳಿದರೆ ಸರಿಹೋಗುತ್ತೆ.

ನಡುವೆ ಚೈನಿಗೂ ಪ್ರಯೋಗ ಮಾಡಿದೆ. ಹೊಲಿಗೆ ಮಿಷನ್ ಎಣ್ಣೆ ಮಧ್ಯಾಹ್ನಕ್ಕೇ ತೊಳೆದು ಹೋಯಿತು. ಗಾಡಿಗಳ ಗೇರ್‌ಬಾಕ್ಸಿಗೆ ಹಾಕುವ ಮಂದನೆಯ 90ರ ಗೇರ್ ಆಯಿಲ್ ಸಂಜೆವರೆಗೂ ನಿಂತಿತು, ಆದರೆ ಮರಳನ್ನೆಲ್ಲ ಅಂಟಿಸಿಕೊಂಡಿತು. ದಿನಾ ಒರೆಸಿ ಹಾಕುವುದಾದರೆ ಅದೇ ವಾಸಿ. ಜಿಗಣೆಗೆ ಹೊಗೆಸೊಪ್ಪು ನೆನೆಸಿದ ಕೊಬ್ಬರಿ ಎಣ್ಣೆ ಸವರುತ್ತೇನೆ. ಜೊತೆಗೆ ಇನ್ನೊಂದು ಸೇರಿಸುತ್ತೇನೆ, ಅದನ್ನು ಇನ್ನೂ ಒಂದು ಮಳೆಗಾಲ ನೋಡಿ ಹೇಳುತ್ತೇನೆ.

ಖರ್ಚು ಒಟ್ಟು ಒಂದೂವರೆ ಸಾವಿರ ದಾಟಿಲ್ಲ, ಹಗ್ಗ, ಎಣ್ಣೆ ಎಲ್ಲ ಸೇರಿ. ಬ್ರೇಕ್ ಪ್ಯಾಡ್ ಲೆಕ್ಕ ಬೇರೆ. ಮಳೆಯಲ್ಲಿ ರಿಮ್ಮಿಗೆ ಅಂಟುವ ಮರಳು ಘಾಟಿ ಇಳಿಜಾರಿನಲ್ಲಿ ರಬ್ಬರನ್ನು ಅರೆದು ಹಾಕುತ್ತೆ, ಬ್ಯಾಗಿನಲ್ಲಿ ಒಂದು ಜೊತೆ ಹೊಸದು ಇರಲಿ. ನಾಪೋಕ್ಲು ಕಡೆ ಹೊರಡುವ ಮುಂಚೆ ರಸ್ತೆ ಮೇಲೆ ಕಾವೇರಿ ನೀರು ಬಂದಿದೆಯಾ ಅಂತ ಮೂರ್ನಾಡಿನ ಯಾವುದಾದರೂ ಅಂಗಡಿಯಲ್ಲಿ ಕೇಳಿಕೊಂಡೇ ಮುಂದೆ ಹೋಗಿ.